ಗೇಮಮ್ಮನ ಹದಿಮೂರನೇ ಕಪಾಟು

ಬೆಳಗಿನ ಆರು ಗಂಟೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಬಲ ಹೆಬ್ಬೆರಳಿಗೆ ಬಟ್ಟೆಪಟ್ಟಿ ಸುತ್ತಿಕೊಂಡು, ವಿಡಿಯೊ ಗೇಮಿನ ಡಬ್ಬಿಯನ್ನು ಬೋರಲು ಮಲಗಿಸಿ, ಮೇಲಿನ ಚಿತ್ರ ಕಾಣದ ಹಾಗೆ ಡಿಸ್ಕ್ ತೆಗೆದು ಯಂತ್ರಕ್ಕೆ ಹಾಕುತ್ತಾರೆ. ಜನ ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಮೂರು ಆಟ ಆಡಿ, ಯಾವುದು ಯಾವ ಬಗೆ, ಯಾವ ಕಪಾಟಿಗೆ ಎಂದು ತೀರ್ಮಾನಿಸಬೇಕು.

"ಚಿತ್ರ ನಂಬಿದ್ರೆ ಕೆಟ್ಟ ಹಾಗೇ," ಎನ್ನುತ್ತಾರೆ. "ಮುಖ ನೋಡಿ ಮಣೆ ಹಾಕೋ ಕೆಲಸ ಅಲ್ಲ ಇದು. ಕಥೇಲಿ ರಾಜ ಇರ್ಲಿ, ರಾಕ್ಷಸ ಇರ್ಲಿ, ನನಗೇನು? ಕೈ ಏನು ಮಾಡ್ತಿದೆ ನೋಡ್ತೀನಿ. ಗುರಿ ಇಡ್ತಿದ್ರೆ ಗುಂಡಿನಾಟ. ನೆಗೆಸ್ತಿದ್ರೆ ನೆಗೆತದಾಟ. ಕೈ ನಿಂತು ತಲೆ ಓಡ್ತಿದ್ರೆ ಒಗಟು."

ಇಲ್ಲಿ ಎಲ್ಲರಿಗೂ ಅವರು ಗೇಮಮ್ಮ. ಸೇರಿದ್ದು ಹರಿದ ಪುಸ್ತಕಗಳಿಗೆ ಬೈಂಡು ಹಾಕಲು. ಹತ್ತೊಂಬತ್ತು ವರ್ಷದ ಹಿಂದೆ ಗೇಮುಗಳು ಬಂದಾಗ, ಹುಡುಗಾಟದ ಸಾಮಾನು ಎಂದು ಉಳಿದವರೆಲ್ಲ ಮೂಗು ಮುರಿದರು. ಡಬ್ಬಿಗಳು ಇವರ ಮೇಜಿಗೆ ಬಂದು ಬಿದ್ದವು. ಇಂದು ನಾಲ್ಕು ಸಾವಿರ ಚಿಲ್ಲರೆ ಆಟಗಳು, ಹನ್ನೆರಡು ಬಗೆ, ಹನ್ನೆರಡು ಕಪಾಟು. ಹೆಬ್ಬೆರಳ ಗೆಣ್ಣು ಊದಿ ಎರಡು ವರ್ಷವಾಯಿತು. "ಆಡ್ಕೊಂಡು ಸಂಬಳ ತಗೋತೀಯಲ್ಲೇ, ಪುಣ್ಯವಂತೆ!" ಎಂದು ಅವರ ಅಣ್ಣ ಛೇಡಿಸುತ್ತಾರೆ.

ಗೇಮಮ್ಮನ ಲೆಕ್ಕ ತಪ್ಪುವುದಿಲ್ಲ ಎಂಬ ಮಾತಿದೆ. ಒಮ್ಮೆ ತಪ್ಪಿದೆ. ಅದನ್ನು ಅವರೇ ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಬಂದ ಆಟ. ಒಂದು ಕೋಣೆ, ಮಂಚದ ಮೇಲೆ ಮಲಗಿದ ಮುದುಕಿ, ಪಕ್ಕದ ಕುರ್ಚಿಯಲ್ಲಿ ಮಗಳು. ಗೇಮಮ್ಮ ಗುಂಡಿ ಒತ್ತಿದರು. ಮುದುಕಿ ಕೆಮ್ಮಿದಳು, ಪರದೆ ಕಪ್ಪಾಯಿತು, ಆಟ ಮತ್ತೆ ಮೊದಲಿಗೆ ಬಂತು. ಇನ್ನೊಂದು ಗುಂಡಿ; ಮತ್ತೂ ಅದೇ ಹಾಡು. ನಲವತ್ತು ನಿಮಿಷ ಒತ್ತಿ ಒತ್ತಿ ಸಾಕಾಗಿ, ಚೀಟಿಯಲ್ಲಿ 'ಕೆಟ್ಟಿದೆ' ಎಂದು ಬರೆದು ಉಗ್ರಾಣಕ್ಕೆ ತಳ್ಳಿದರು.

ಕಳೆದ ವರ್ಷ ಅವರ ಅಕ್ಕ ಹಾಸಿಗೆ ಹಿಡಿದರು. ತಾಯಿಯಿಲ್ಲದ ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಐವತ್ತೊಂದು ದಿನ ಆಸ್ಪತ್ರೆ. "ಹೊದಿಕೆ ಎಳೀತಿದ್ದೆ, ನೀರು ಬೇಕಾ ಅಂತಿದ್ದೆ. ಸುಮ್ನೆ ಇರೋಕೇ ಆಗ್ತಿರ್ಲಿಲ್ಲ. ಒಂದಿನ ನರ್ಸು ರೇಗಿದ್ರು: 'ಮುಟ್ಬೇಡಿ ಅಮ್ಮಾ, ಜೊತೇಲಿ ಕೂತ್ಕೊಳ್ಳಿ ಸಾಕು.' ಆ ಆಟ ನೆನಪಾಯ್ತು. ಆಮೇಲೆ ಕೈ ಕಟ್ಟಿ ಕೂತೆ. ಅಷ್ಟೊತ್ತಿಗೆ ಉಳಿದಿದ್ದು ಒಂಬತ್ತೇ ದಿನ."

ಅಕ್ಕನನ್ನು ಕಳೆದುಕೊಂಡು ಕೆಲಸಕ್ಕೆ ಮರಳಿದ ದಿನವೇ ಉಗ್ರಾಣ ಜಾಲಾಡಿದರು. ಡಿಸ್ಕ್ ಹಾಕಿ, ಕೈಗಳನ್ನು ಮಡಿಲಲ್ಲಿಟ್ಟು ಕುಳಿತರು. ಹನ್ನೊಂದನೇ ನಿಮಿಷಕ್ಕೆ ಮುದುಕಿ ಕಣ್ಣು ತೆರೆದಳು. ಪರದೆಯ ಮೇಲೆ ಎರಡೇ ಪದ ಮೂಡಿದವು: 'ಇನ್ನೂ ಇದ್ದೀಯಾ?' ಗೇಮಮ್ಮ ಬಿಕ್ಕಿ ಬಿಕ್ಕಿ ಅತ್ತರು.

ಆದರೆ ಬಗೆ ನಮೂದಾಗದ ಆಟವನ್ನು ಯಾರಿಗೂ ಎರವಲು ಕೊಡುವಂತಿಲ್ಲ, ಉಗ್ರಾಣಕ್ಕೇ ವಾಪಸು. "ಒಗಟಿಗೆ ಸೇರಿಸಿಬಿಡಿ, ಕೈ ನಿಂತ್ರೆ ಒಗಟು ಅಂತ ನೀವೇ ಹೇಳ್ತೀರಲ್ಲ," ಎಂದರು ಮೇಲ್ವಿಚಾರಕರು.

"ಇದ್ರಲ್ಲಿ ತಲೆನೂ ನಿಲ್ಬೇಕು ಸಾರ್. ಒಗಟು ಅಂತ ಒಯ್ದೋರು ನನ್ನ ಹಾಗೇ ಒತ್ತಿ ಒತ್ತಿ ಬಿಸಾಡ್ತಾರೆ."

"ಒಂದು ಆಟಕ್ಕೆ ಒಂದು ಕಪಾಟೇ? ಚೆನ್ನಾಗಿದೆ!"

ಗೇಮಮ್ಮ ವಾದ ಬೆಳೆಸಲಿಲ್ಲ. ಅವರನ್ನೇ ಪರದೆಯ ಮುಂದೆ ಕೂರಿಸಿ, ಕೈಯಲ್ಲಿದ್ದ ಕಂಟ್ರೋಲರ್ ಕಿತ್ತುಕೊಂಡರು. ಹನ್ನೊಂದು ನಿಮಿಷವಾದ ಮೇಲೆ ಮೇಲ್ವಿಚಾರಕರು ಕನ್ನಡಕ ಒರೆಸುತ್ತ ಕೇಳಿದ್ದು ಇಷ್ಟೇ: "ಎಷ್ಟು ಜಾಗ ಬೇಕು?"

ಹದಿಮೂರನೇ ಕಪಾಟಿನ ಮೇಲೆ ಈಗ 'ಜೊತೆಗಿರುವ ಆಟ' ಎಂಬ ಚೀಟಿಯಿದೆ. ಅದರಲ್ಲಿರುವುದು ಒಂದೇ ಡಬ್ಬಿ. ತಾವು ಕೆಟ್ಟಿದೆ ಎಂದು ಬರೆದ ಉಳಿದ ಇನ್ನೂರ ಹನ್ನೆರಡು ಆಟಗಳನ್ನೂ ಗೇಮಮ್ಮ ಒಂದೊಂದಾಗಿ ಹಾಕಿ, ಕೈ ಕಟ್ಟಿ ಕೂತು ನೋಡುತ್ತಿದ್ದಾರೆ. ಎಪ್ಪತ್ತಮೂರು ಮುಗಿದಿವೆ. ಅವೆಲ್ಲ ನಿಜಕ್ಕೂ ಕೆಟ್ಟವೇ.

ಏನಾದರೂ ಆಸೆ ಇದೆಯೇ ಎಂದರೆ ಹದಿಮೂರನೇ ಕಪಾಟಿನ ಆ ಡಬ್ಬಿಯನ್ನು ಕೈಗೆತ್ತಿಕೊಳ್ಳುತ್ತಾರೆ.

"ಆ ಆಟ ಮಾಡಿದೋರು ಯಾರೋ, ಎಲ್ಲಿದಾರೋ. ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು. ನಿಮ್ಮ ಆಟ ಕೆಟ್ಟಿರ್ಲಿಲ್ಲ, ನನಗೇ ಕೂರೋಕೆ ಬರ್ತಿರ್ಲಿಲ್ಲ ಅಂತ."