ಏಪ್ರಿಲ್ ತಿಂಗಳ ಶಾಲು

ನನ್ನ ಟ್ರಂಕಿನಲ್ಲಿ ಹನ್ನೊಂದು ಶಾಲುಗಳಿವೆ. ಅವುಗಳಲ್ಲಿ ಒಂದನ್ನೂ ಚಳಿಗಾಲದಲ್ಲಿ ಯಾರೂ ನನಗೆ ಹೊದಿಸಿದ್ದಲ್ಲ. ಎಲ್ಲವೂ ಏಪ್ರಿಲ್, ಮೇ ತಿಂಗಳವು. ಕಬಡ್ಡಿ ಅಂಪೈರ್ ಆಗಿ ಇಪ್ಪತ್ತು ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ತಿರುಗಿದ್ದಕ್ಕೆ ನಾನು ಗಳಿಸಿದ ಆಸ್ತಿ ಇಷ್ಟೇ. ನುಸಿ ಹತ್ತಬಾರದೆಂದು ಹೆಂಡತಿ ವರ್ಷಕ್ಕೊಮ್ಮೆ ಅವನ್ನು ಬಿಸಿಲಿಗೆ ಹಾಕುತ್ತಾಳೆ. ಬಿಸಿಲಲ್ಲೇ ಹುಟ್ಟಿದವಕ್ಕೆ ಮತ್ತೆ ಬಿಸಿಲು ಯಾಕೆ ಎಂದು ನಾನು ಪ್ರತಿ ವರ್ಷ ಕೇಳುತ್ತೇನೆ. ಅವಳು ಪ್ರತಿ ವರ್ಷ ಇನ್ನೆರಡು ಶಾಲು ನನ್ನ ಕೈಗಿಟ್ಟು ಒಳಗೆ ಹೋಗುತ್ತಾಳೆ.

ನಮ್ಮ ಕಡೆ ಪಂದ್ಯಾವಳಿಗಳೆಲ್ಲ ಬೇಸಿಗೆಯಲ್ಲೇ ನಡೆಯುತ್ತವೆ. ಶಾಲೆಗೆ ಸೂಟಿ, ಹೊಲಕ್ಕೆ ಬಿಡುವು, ಪೆಂಡಾಲು ಹಾಕಲು ಖಾಲಿ ಜಾಗ. ಆಡುವವರ ಮೈಯೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಅನುಕೂಲ. ಗೋಕಾಕದ ಬಿಸಿಲು ಬಂಡೆಗಲ್ಲಿನದು. ಸುಡುತ್ತದೆ, ಆದರೆ ಸುಡುತ್ತೇನೆಂದು ಹೇಳಿಯೇ ಸುಡುತ್ತದೆ. ಮೂಡಲಗಿ ಕಡೆಯದು ಕಳ್ಳ ಬಿಸಿಲು. ಕಾಲುವೆ ಬಂತು, ಕಬ್ಬು ಬಂತು. ಬೇಸಿಗೆಯ ನಡುವೆ ಒಂದು ಅಡ್ಡಮಳೆ ಬಿದ್ದರೆ ಸಾಕು, ಕಬ್ಬಿನ ನಡುವಿನ ಮೈದಾನ ಇಡ್ಲಿ ಪಾತ್ರೆಯಾಗುತ್ತದೆ. ಬೆವರು ಹರಿದರೆ ಮೈ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ ಎಂದು ಹುಕ್ಕೇರಿಯ ವಿಜ್ಞಾನ ಮಾಸ್ತರರೊಬ್ಬರು ನನಗೆ ವಿವರಿಸಿದ್ದರು. ಅಂಥ ಕಡೆ ಅದು ಆರುವುದೇ ಇಲ್ಲ. ಇಷ್ಟು ವಿಜ್ಞಾನ ತಿಳಿದೂ ನಾನು ನಂಬಿದ್ದು ಮಾತ್ರ ಉಳ್ಳಾಗಡ್ಡಿಯನ್ನು, ಅಂದರೆ ಈರುಳ್ಳಿಯನ್ನು. ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇದ್ದರೆ ಝಳ ಬಡಿಯುವುದಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಒಮ್ಮೆ ಟಾಸ್ ಹಾಕಲು ನಾಣ್ಯ ತೆಗೆಯಹೋಗಿ ಉಳ್ಳಾಗಡ್ಡಿ ತೆಗೆದು ಎರಡೂ ತಂಡಗಳನ್ನು ನಗಿಸಿದ್ದೇನೆ.

ಉಳ್ಳಾಗಡ್ಡಿಯ ಮೇಲೆ ಶಾಲು. ಶಾಲು ಹುಟ್ಟಿದ್ದು ಹಿಮ ಬೀಳುವ ನಾಡಿನಲ್ಲಿ. ಅಲ್ಲಿ ಒಬ್ಬನಿಗೆ ಶಾಲು ಹೊದಿಸುವುದೆಂದರೆ ಅವನ ಜೀವ ಉಳಿಸಿದ ಹಾಗೆ, ಅದಕ್ಕೇ ಅದು ಸನ್ಮಾನವಾಗಿರಬೇಕು. ಚಳಿಯನ್ನು ಅಲ್ಲೇ ಬಿಟ್ಟು ಬರೀ ಸನ್ಮಾನವನ್ನು ನಾವು ತಂದುಕೊಂಡೆವು. ನಮ್ಮಲ್ಲಿ ಶಾಲು ಹೊದಿಸಿ, ತಲೆಗೆ ಬಿಗಿಯಾಗಿ ಪೇಟ ಸುತ್ತಿ, ಕೊರಳಿಗೆ ಹಾರ ಹಾಕಿ, ಇನ್ನು ಎರಡು ಮಾತಾಡಿ ಎನ್ನುತ್ತಾರೆ. ಒಳಗೆ ಬೇಯುತ್ತಿದ್ದರೂ ಅದನ್ನು ತೆಗೆದಿಟ್ಟವರನ್ನು ನಾನು ಕಂಡಿಲ್ಲ. ನಾನೂ ತೆಗೆದಿಟ್ಟಿಲ್ಲ. ಖರೆ ಹೇಳಬೇಕೆಂದರೆ, ನನಗೆ ಅದರ ಆಸೆ ಇತ್ತು.

ಹೋದ ವರ್ಷದ ಏಪ್ರಿಲ್. ಮೂಡಲಗಿ ಕಡೆಯ ಒಂದು ಊರಲ್ಲಿ ಹುಡುಗಿಯರ ಪಂದ್ಯಾವಳಿ. ಮೇಲವಂಕಿಯಲ್ಲಿರುವ ನನ್ನ ತಂಗಿಯ ಮಗಳು ಭಾಗ್ಯಾ ಅದರಲ್ಲಿ ಆಡುವವಳಿದ್ದಳು. ಜಿಲ್ಲೆಯ ಕಿರಿಯರ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರೊಬ್ಬರು ಮೊದಲ ಪಂದ್ಯ ನೋಡಿ ಹೋಗಲು ಬಂದಿದ್ದರು. ವಯಸ್ಸಿನ ಲೆಕ್ಕದಲ್ಲಿ ಭಾಗ್ಯಾಗೆ ಅದೇ ಕೊನೆಯ ಅವಕಾಶ. ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಓಡಿದವಳು. ಸೋದರಮಾವನಾದ ನಾನು ಅವಳ ಪಂದ್ಯಕ್ಕೆ ಸೀಟಿ ಊದುವುದು ಸರಿಯಲ್ಲವೆಂದು ಪೆಂಡಾಲಿನ ನೆರಳಲ್ಲಿ ಕುಳಿತೆ. ಮಾವನ ಕರ್ತವ್ಯವೆಂದು ಬೆಳಿಗ್ಗೆಯೇ ಅವಳ ಕೈಗೊಂದು ಉಳ್ಳಾಗಡ್ಡಿ ಕೊಟ್ಟಿದ್ದೆ. ಆಟದ ಚಡ್ಡಿಗೆ ಕಿಸೆ ಇಲ್ಲವೆಂದು ಅವಳು ಅದನ್ನು ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಖ್ಯ ಅತಿಥಿಗಳು ಬಂದಾಗ ಹನ್ನೆರಡಾಗಿತ್ತು. ಎರಡೂ ತಂಡಗಳನ್ನು ಅಂಕಣದ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಸನ್ಮಾನ ಮುಗಿದ ಮೇಲೆ ಅತಿಥಿಗಳು ಬಂದು ಕೈ ಕುಲುಕಬೇಕು, ಆಮೇಲೆ ಆಟ. ಸನ್ಮಾನದ ಪಟ್ಟಿಯಲ್ಲಿ ಹದಿನಾರು ಹೆಸರು. ನಿರೂಪಕರು ಒಂದೊಂದು ಹೆಸರಿಗೂ ಒಂದೊಂದು ಚುಟುಕ ಕಟ್ಟಿಕೊಂಡು ಬಂದಿದ್ದರು. ಹಿಂದಿನ ದಿನ ಮಳೆ ಬಿದ್ದಿತ್ತು. ಗಾಳಿ ಸತ್ತಿತ್ತು. ಹುಡುಗಿಯರ ಅಂಗಿಗಳು ಬೆನ್ನಿಗೆ ಅಂಟಿದ್ದವು.

ಎಂಟನೆಯ ಹೆಸರಿನ ಹೊತ್ತಿಗೆ ಆ ಪಂದ್ಯದ ಅಂಪೈರ್ ನನ್ನ ಬಾಜೂ ಬಂದು ಬಗ್ಗಿದ. ನನ್ನ ಕೈಕೆಳಗೇ ಕೆಲಸ ಕಲಿತವನು.

"ಸರ್, ಹುಡ್ಗ್ಯಾರ್ನ ನೆಳ್ಳಿಗೆ ಕರಕೊಂಡ ಬರ್ಲ್ಯಾ? ನೀವು ಹ್ಞೂಂ ಅಂದ್ರ ಯಾರೂ ಏನೂ ಅನ್ನೂದಿಲ್ರಿ."

ಅವನು ಹೇಳಿದ್ದು ನಿಜ. ಮೈದಾನಕ್ಕೆ ಹಿರಿಯ ನಾನೇ. ಆದರೆ ಹುಡುಗಿಯರು ಸಾಲು ಬಿಟ್ಟು ಬಂದರೆ ಜನ ಚದುರುತ್ತಾರೆ, ಜನ ಚದುರಿದರೆ ಸನ್ಮಾನ ಅಲ್ಲಿಗೇ ನಿಲ್ಲುತ್ತದೆ. ನನ್ನ ಹೆಸರು ಹನ್ನೊಂದನೆಯದು.

"ಇನ್ನೇನ ಮುಗದ ಬಿಡತೈತಿ, ತಡಿಯೋ" ಅಂದೆ.

ಹನ್ನೊಂದನೆಯ ಹೆಸರು ಬಂತು. ಶಾಲು ಹೊದ್ದು ಫೋಟೋಕ್ಕೆ ನಿಂತಾಗ ಭಾಗ್ಯಾ ನನ್ನನ್ನೇ ನೋಡುತ್ತಿದ್ದಳು. ಹೆಮ್ಮೆಯಿಂದ ನೋಡುತ್ತಿದ್ದಾಳೆ ಎಂದುಕೊಂಡೆ. ಎಂಥ ಮೂರ್ಖ ನಾನು!

ಆಟ ಶುರುವಾದಾಗ ಒಂದೂಕಾಲು. ಮೊದಲ ದಾಳಿಯಲ್ಲಿ ಭಾಗ್ಯಾ ಒಬ್ಬಳನ್ನು ಔಟ್ ಮಾಡಿ ಬಂದಳು. ಆರಿಸಲು ಬಂದವರು ಏನೋ ಬರೆದುಕೊಂಡರು. ಎರಡನೆಯ ದಾಳಿಗೆ ಗೆರೆ ದಾಟಿ ಹೋದವಳ ಉಸಿರಿನ "ಕಬಡ್ಡಿ" ಅರ್ಧಕ್ಕೆ ನಿಂತಿತು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮೊಣಕಾಲು ಮಡಚಿ ಕುಸಿದಳು. ಸೊಂಟದ ಗಂಟು ಬಿಚ್ಚಿ ಉಳ್ಳಾಗಡ್ಡಿ ಅಂಕಣದ ಮೇಲೆ ಉರುಳಿತು, ಯಾರೋ ನಕ್ಕರು.

ಓಡಿದೆ. ಬಿದ್ದವರಿಗೆ ಏನಾದರೂ ಹೊದಿಸುವುದು ನಮ್ಮ ಕೈಗಳಿಗೆ ರೂಢಿ. ಗಾಬರಿಯಲ್ಲಿ ನನ್ನ ಹೆಗಲ ಮೇಲಿನ ಶಾಲನ್ನೇ ತೆಗೆದು ಅವಳಿಗೆ ಹೊದಿಸಿದೆ. ಆ ಧಗೆಯಲ್ಲಿ! ಅವಳು ಅರೆಗಣ್ಣು ತೆರೆದಳು.

"ತಗೀರಿ ಮಾಮಾ" ಅಂದಳು. "ಶಕಿ ಆಗತೈತಿ."

ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲಾಯಿನ್ ಏರಿಸಿದರು. ಸಂಜೆಗೆ ಎದ್ದು ಕುಳಿತಳು, ದೇವರು ದೊಡ್ಡವನು. ಆರಿಸಲು ಬಂದವರು ಅಷ್ಟರಲ್ಲಿ ಬೇರೆ ಇಬ್ಬರ ಹೆಸರು ಬರೆದುಕೊಂಡು ಹೋಗಿದ್ದರು. ಆಸ್ಪತ್ರೆಗೆ ಓಡಿಬಂದ ತಂಗಿ ನನಗೂ ಒಂದು ಕಪ್ ಚಹಾ ತಂದುಕೊಟ್ಟಳು. ನಾನು ಅನ್ನಬೇಕಾಗಿದ್ದ ಆ ಒಂದು "ಹ್ಞೂಂ" ಬಗ್ಗೆ ನಾನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ಭಾಗ್ಯಾಗೆ ಹೇಳುವ ಅಗತ್ಯವಿರಲಿಲ್ಲ, ಅಂಪೈರ್ ನನ್ನ ಹತ್ತಿರ ಬಗ್ಗಿದ್ದನ್ನೂ ವಾಪಸು ಹೋದದ್ದನ್ನೂ ಅವಳು ಸಾಲಿನಲ್ಲಿ ನಿಂತೇ ನೋಡಿದ್ದಳು.

ಈ ವರ್ಷದ ಆಮಂತ್ರಣ ಪತ್ರಿಕೆ ಮೊನ್ನೆ ಬಂತು. ಸನ್ಮಾನದ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯ ಸ್ಥಾನಕ್ಕೆ ಏರಿದೆ. ಕಾಲೇಜಿಗೆ ಸೂಟಿ ಎಂದು ಭಾಗ್ಯಾ ನಮ್ಮಲ್ಲೇ ಇದ್ದಳು. ಈಗ ಅವಳು ಆಡುವುದಿಲ್ಲ. ಪತ್ರಿಕೆಯನ್ನು ಮೇಲಿಂದ ಕೆಳಗೆ ಓದಿದಳು. ಈ ಸಲ ಹೋಗುವುದಿಲ್ಲ, ಬಿಸಿಲು ಬಹಳ ಇದೆ ಎಂದು ನಾನು ಅವಳಿಗೆ ಕೇಳಿಸುವಂತೆ ಅಂದೆ.

ಅವಳು ಪತ್ರಿಕೆಯನ್ನು ಮಡಚಿ ನನ್ನ ಕೈಗೇ ಕೊಟ್ಟಳು. ಸಿಟ್ಟು ಇರಲಿಲ್ಲ.

"ಹೋಗಿ ಬರ್ರಿ ಮಾಮಾ. ನಿಮಗ ನೆಳ್ಳ ಇರತೈತಲ್ಲ."