ಗಡಿಬೆಟ್ಟದ ಕಾರ್ಯದರ್ಶಿ
ಎರಡು ರಾಜ್ಯಗಳ ನಡುವೆ ಕಾಲು ಚಾಚಿ ಮಲಗಿರುವ ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಒಂದು ಜಂಟಿ ಸಮಿತಿಯಿದೆ. ಅದರ ಕಾರ್ಯದರ್ಶಿಯ ಪಾಡು ಇಬ್ಬರು ಹೆಂಡಿರ ಗಂಡನದು, ಎರಡೂ ಮನೆಯಲ್ಲಿ ಬೈಗುಳ ಹೊಟ್ಟೆ ತುಂಬಾ, ಊಟ ಮಾತ್ರ ಅರೆಹೊಟ್ಟೆ. ಗಡಿಯ ಅತಿಥಿಗೃಹದಲ್ಲಿ ಸಭೆಯ ಮೇಜನ್ನು ಅವನೇ ಟೇಪು ಹಿಡಿದು ಗಡಿಗೆರೆಯ ಮೇಲೆ ಹಾಕಿಸುತ್ತಾನೆ. ಒಂದು ಗೇಣು ಆಚೀಚೆಯಾದರೂ ಬಿಸ್ಕತ್ತು ಯಾರ ನೆಲದಲ್ಲಿದೆ ಎಂಬ ಚರ್ಚೆಯಲ್ಲೇ ಮಧ್ಯಾಹ್ನವಾಗುತ್ತದೆ. ಅಲ್ಲಿ ಮರಿ ಹಾಕಿದ ಚಿರತೆ ಇಬ್ಬರದೂ ಹೌದು, ಸತ್ತ ಚಿರತೆ ಮಾತ್ರ ಯಾವಾಗಲೂ ಆಚೆ ಕಡೆಯದು. ಜಗಳ ಜೋರಾದರೆ ಅವನದು ಒಂದೇ ಮಂತ್ರ: "ಸಾರ್, ಚಿರತೆಗೆ ನಕ್ಷೆ ಓದೋಕೆ ಬರಲ್ಲ, ಬನ್ನಿ, ಟೀ ಕುಡಿಯೋಣ." ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಈ ಮನುಷ್ಯ ಬೇಸಿಗೆ ಬಂತೆಂದರೆ ಹಸಿ ಸುಳ್ಳು ಹೇಳುತ್ತಾನೆ. ಬೆಟ್ಟದಲ್ಲಿ ಹೊಗೆ ಕಂಡ ಕೂಡಲೇ ಎರಡೂ ರಾಜ್ಯದವರಿಗೆ ಫೋನು ಮಾಡಿ, "ಬೆಂಕಿ ನಿಮ್ಮ ಕಡೇನೇ ಸಾರ್, ಕಣ್ಣಾರೆ ನೋಡಿದ್ದೀನಿ, ಬೇಗ ಜನ ಕಳಿಸಿ" ಅನ್ನುತ್ತಾನೆ. ಎರಡೂ ತಂಡದವರು ಎದ್ದೆನೋ ಬಿದ್ದೆನೋ ಎಂದು ಬೆಟ್ಟ ಹತ್ತಿ, ಹಸಿರು ಕೊಂಬೆಗಳಿಂದ ಬೆಂಕಿ ಬಡಿದು ಆರಿಸುತ್ತಾರೆ, ಆಮೇಲೆ ಮಸಿ ಮೆತ್ತಿದ ಮುಖದಲ್ಲೇ, ಅಪರೂಪಕ್ಕೆ ಒಮ್ಮತದಿಂದ, ಅವನ ಮೇಲೆ ಹರಿಹಾಯುತ್ತಾರೆ: "ಅಲ್ರೀ, ಹೀಗೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?" ಅವನು ಹಲ್ಲು ಕಿರಿಯುತ್ತಾ ಎಲ್ಲರಿಗೂ ನೀರು ಕೊಡುತ್ತಾನೆ. ಅವನ ಅಣ್ಣ ಇದೇ ಬೆಟ್ಟದಲ್ಲಿ ಕಾವಲುಗಾರನಾಗಿದ್ದ. ಒಂದು ಬೇಸಿಗೆ ಅಣ್ಣ ಬೆಂಕಿಯ ನಡುವೆ ಸಿಕ್ಕಿಕೊಂಡಾಗ ಇವನು ನಕ್ಷೆ ನೋಡಿ, ಬೆಂಕಿ ಯಾರ ಕಡೆಯದೋ ಅವರಿಗಷ್ಟೇ, ನಿಜವನ್ನೇ ಹೇಳಿದ್ದ. ಅವರು ದೂರದಿಂದ ಬರಬೇಕಿತ್ತು, ಬಂದು ಮುಟ್ಟುವಷ್ಟರಲ್ಲಿ ಅಣ್ಣ ಉಳಿದಿರಲಿಲ್ಲ. ಕೂಗಳತೆಯಲ್ಲಿದ್ದ ಈಚೆಯವರು ಹೊಗೆ ಕಂಡರೂ ಬೆಂಕಿ ತಮ್ಮದಲ್ಲವೆಂದು ಕೂತೇ ಇದ್ದರು.