ಮೂಸಾನ ದನಿಯನ್ನು ಗುರುತಿಸಿದವಳು

ಟಕ್—ಟಟಕ್—ಟಕ್. ಉರಿಗಾಂನ ನಮ್ಮ ಮನೆಯ ಗೋಡೆಯಾಚೆ, ಮೂಸಾನ ಬಾಡಿಗೆ ಕೋಣೆಯಲ್ಲಿ, ನೀನು ಬೆರಳ ಗಣ್ಣಿನಿಂದ ಮೇಜಿನ ಮೇಲೆ ಹಾಕುತ್ತಿದ್ದ ತಾಳ ಈಗಲೂ ಕೇಳುತ್ತದೆ, ಸೆಲ್ವಂ. ಮೂಸಾನ ಗುಟ್ಟನ್ನು ಬಿಟ್ಟುಕೊಟ್ಟವಳು ನಾನು. ನೀನಲ್ಲ.

ಪಶ್ಚಿಮ ಆಫ್ರಿಕಾದಿಂದ ಓದಲು ಬಂದ ಹುಡುಗ. ದೇಶದ ಹೆಸರನ್ನು ಇಲ್ಲೂ ಬರೆಯಲಾರೆ—ಅವನ ಅಣ್ಣ ಇನ್ನೂ ಅಲ್ಲೇ ಇದ್ದಾನೆ. ಬಂಗಾರಪೇಟೆಯ ನಿನ್ನ ಮೊಬೈಲ್ ಅಂಗಡಿಯಲ್ಲಿ ನೀನು ಅವನ ರ‍್ಯಾಪ್ ಹಾಡುಗಳನ್ನು ರೆಕಾರ್ಡ್ ಮಾಡಿ ನೆಟ್‌ಗೆ ಹಾಕುತ್ತಿದ್ದೆ, ಮುಖವಿಲ್ಲದೆ, ಹೆಸರಿಲ್ಲದೆ. ‘ಕುರ್ಚಿಗೆ ಗೆದ್ದಲು ಹಿಡಿಯಿತು, ಮುದುಕ ಏಳಲಿಲ್ಲ’—ಈ ಸಾಲನ್ನು ಅವನೂರಿನ ಹುಡುಗರು ಮೆರವಣಿಗೆಯಲ್ಲಿ ಕೂಗಿದರಂತೆ.

“ಆಂಟಿ, ನಮ್ ಪ್ರೆಸಿಡೆಂಟ್ ನಿಮಗಿಂತ ಓಲ್ಡ್, ಇನ್ನೂ ರಿಟೈರ್ ಆಗಿಲ್ಲ!” ಎಂದು ನಗುತ್ತಿದ್ದ. ಆಮೇಲೆ ದನಿ ತಗ್ಗಿಸಿ, “ಹಾಡೋದು ನಾನು ಅಂತ ಯಾರ್ಗೂ ಹೇಳ್ಬೇಡಿ. ಪ್ರಾಮಿಸ್?”

ಪ್ರಾಮಿಸ್ ಎಂದಿದ್ದೆ.

ಒಂದು ಮಧ್ಯಾಹ್ನ ಅವನ ದೇಶದವನೊಬ್ಬ ನಮ್ಮ ಮನೆಗೆ ಬಂದ. ಕೋಟು, ಟೈ. ಚಿನ್ನದ ಗಣಿ ಮುಚ್ಚಿ ಆಫೀಸರುಗಳೆಲ್ಲ ಹೋದ ಮೇಲೆ ನನ್ನ ಕಾನ್ವೆಂಟ್ ಇಂಗ್ಲಿಷನ್ನು ಕೇಳುವವರೇ ಇರಲಿಲ್ಲ ಇಲ್ಲಿ. ಅವನು, “ಮೇಡಂ, ಯುವರ್ ಇಂಗ್ಲಿಷ್ ಈಸ್ ಬ್ಯೂಟಿಫುಲ್” ಎಂದ. ಗಾಜಿನ ಬೀರುವಿನಿಂದ ಒಳ್ಳೆಯ ಕಪ್-ಸಾಸರ್ ತೆಗೆದೆ! ಟೀ ಕುಡಿಯುತ್ತ ಫೋನಿನಲ್ಲಿ ಹಾಡೊಂದನ್ನು ಕೇಳಿಸಿ, ಇದು ಯಾರ ದನಿ ಎಂದ. ಅವನು ಅಲ್ಲಿನ ಸರ್ಕಾರದ ಕಡೆಯವನು, ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು—ಗೊತ್ತಿತ್ತು, ಸೆಲ್ವಂ. ಆದರೂ ಆ ಹೊತ್ತಿನ ನನ್ನ ಹಮ್ಮು...

“ದಟ್ಸ್ ಮೈ ಟೆನೆಂಟ್, ಮೂಸಾ” ಎಂದೆ.

ವಾರದೊಳಗೆ ಅಲ್ಲಿ ಮೂಸಾನ ಅಣ್ಣನನ್ನು ಪೊಲೀಸರು ಎಳೆದೊಯ್ದರು. ಗುಟ್ಟು ಗೊತ್ತಿದ್ದವರು ನಾವಿಬ್ಬರೇ. ಮೂಸಾ ನಿನ್ನನ್ನು ಅನುಮಾನಿಸಿದ. ನನ್ನನ್ನು—ಛೇ, ನನ್ನನ್ನು ಅನುಮಾನಿಸುವುದು ಅವನಿಗೆ ಹೊಳೆಯಲೇ ಇಲ್ಲ. ನೀನು ನನ್ನ ಬಾಗಿಲಲ್ಲಿ ನಿಂತು ಅತ್ತೆ.

“ಅಮ್ಮನಾಣೆ ನಾನೇಳಿಲ್ಲ ಆಂಟಿ. ನನ್ ಮಾತು ಕೇಳ್ತಿಲ್ಲ ಅವ್ನು. ನೀವಾದ್ರೂ ಒಂದ್ ಮಾತು ಏಳಿ.”

“ನಿಮ್ಮಿಬ್ಬರ ವಿಷಯ ನನಗ್ಯಾಕಪ್ಪಾ?” ಎಂದು ಬಾಗಿಲು ಹಾಕಿಕೊಂಡೆ.

ಇದನ್ನೇ ಮೂಸಾನಿಗೂ ಬರೆದು ಕಳಿಸಿದ್ದೇನೆ. ಕ್ಷಮೆ ಕೇಳಿಲ್ಲ, ಕೇಳುವ ಮುಖ ನನಗಿಲ್ಲ. ನೀನಲ್ಲ ಎಂದಷ್ಟೇ ಅವನಿಗೆ ಗೊತ್ತಾಗಬೇಕು.

ಅವನನ್ನು ಕೊನೆಯ ಸಲ ಕಂಡದ್ದು, ಅವನು ಈ ಊರು ಬಿಟ್ಟ ದಿನ, ಬಂಗಾರಪೇಟೆ ಸ್ಟೇಷನ್ನಿನಲ್ಲಿ. ನೀನು ದೂರದಲ್ಲಿ, ನಲ್ಲಿಯ ಬಳಿ ನಿಂತಿದ್ದೆ. ನಿನ್ನತ್ತ ತಿರುಗಿಯೂ ನೋಡದೆ ಅವನು ಬಗ್ಗಿ ನನ್ನನ್ನು ಅಪ್ಪಿಕೊಂಡ. “ಈ ಊರಲ್ಲಿ ನನ್ಗೆ ನೀವೊಬ್ರೇ, ಆಂಟಿ.” ರೈಲು ಹೊರಟಿತು. ನಾನು ಕೈ ಬೀಸಿದೆ. ನೀನೂ ಬೀಸಿದೆ. ಕಿಟಕಿಯಿಂದ ಅವನು ಕೈ ಬೀಸಿದ್ದು ನನಗೊಬ್ಬಳಿಗೇ.